ಸ್ತ್ರೀಸಂಗ್ರಹಣ ವಿಚಾರ: ಮಿತಾಕ್ಷರದಿಂದ ದಂಡಸಂಹಿತೆಯವರೆಗೆ

ಕ್ರಿ. ಶ. ೨೦೧೮ನೆಯ ಸೆಪ್ಟೆಂಬರ್ ತಿಂಗಳಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು ಮೂರು ವಾರಗಳ ಅಂತರದಲ್ಲಿ ಎರಡು ತೀರ್ಪುಗಳನ್ನಿತ್ತಿತು. ವಯಸ್ಕರಾದ ಇಬ್ಬರು ಪರಸ್ಪರ ಸಮ್ಮತಿಯಿಂದ ಏಕಾಂತದಲ್ಲಿ ನಡಸುವ ಸಂಬಂಧಕ್ಕೆ ದಂಡಸಂಹಿತೆಯ ೩೭೭ನೆಯ ಕಲಮು ಅನ್ವಯಿಸಲಾಗದೆಂದು ೬ನೆಯ ತಾರೀಖಿನ ತೀರ್ಪು ಸಾರಿತು. ವಿವಾಹಿತ ಸ್ತ್ರೀಯೊಡನೆ ಪರಪುರುಷನು ಮಾಡುವ ಸಂಗವನ್ನು ಅಪರಾಧವೆಂದೆಣಿಸಿದ್ದ ೪೯೭ನೆಯ ಕಲಮನ್ನು ೨೭ನೆಯ ತಾರೀಖಿನ ತೀರ್ಪು ರದ್ದುಗೊಳಿಸಿತು. ಈ ಎರಡು ಕಲಮುಗಳೂ ೧೮೬೦ನೆಯ ಸಂಹಿತೆಗೆ ಸೇರಿದವುಗಳಾದುದರಿಂದ, ಇಂತಹ ಶಾಸನಗಳೆಲ್ಲವೂ ಆಂಗ್ಲರು ತಂದ ಪರಕೀಯ ವಸ್ತುಗಳೆಂದೂ ಪ್ರಾಚೀನ ಭಾರತದ ದಂಡನೀತಿಯು ಈ ವಿಷಯದಲ್ಲಿ ಉದಾರವಾಗಿದ್ದಿತೆಂದೂ ಹೇಳುವ ಪಕ್ಷವೊಂದುಂಟು. ಸ್ವೈರವೃತ್ತಿಯನ್ನು ದಂಡಿಸುವುದು ಸನಾತನ ಧರ್ಮವೆಂದೂ, ಅದನ್ನು ಕೈಬಿಡುವುದೇ ಪರಕೀಯವೆಂದೂ ಹೇಳುವ ಪಕ್ಷವು ಇನ್ನೊಂದು. ಗ್ರಂಥಗಳನ್ನು ಮುಂದಿಟ್ಟುಕೊಂಡು ಪರಿಶೀಲಿಸಿದರೆ ಎರಡು ಪಕ್ಷಗಳೂ ಅರ್ಧಸತ್ಯಗಳೆಂದು ತೋರುವುದು. ದಂಡವು ಉಗ್ರವೋ ಮೃದುವೋ ಎಂಬುದಕ್ಕಿಂತಲೂ, ಶಾಸನವು ಯಾರನ್ನು ಅನ್ಯಾಯಕ್ಕೊಳಗಾದವನೆಂದು ಭಾವಿಸಿತು ಎಂಬುದೇ ಇಲ್ಲಿ ಮೂಲಪ್ರಶ್ನೆ.

ಈ ಚರಿತ್ರೆಯ ಆದಿಯ ಸಾಧನಗಳಲ್ಲೊಂದು ಕನ್ನಡನಾಡಿನಲ್ಲಿಯೇ ಬೆಳಕಿಗೆ ಬಂದಿತು. ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ಓಲೆಯ ಪ್ರತಿಯನ್ನು ೧೯೦೫ರಲ್ಲಿ ಗುರುತಿಸಿ, ೧೯೦೯ರಲ್ಲಿ ಮೂಲವನ್ನು ಅಚ್ಚಿಗೆ ತಂದರು. ಆ ಗ್ರಂಥದ ನಾಲ್ಕನೆಯ ಅಧಿಕರಣವಾದ ಕಂಟಕಶೋಧನದಲ್ಲಿ, ಪತಿಯು ದೂರದೇಶಕ್ಕೆ ಹೋಗಿರಲು ಅನ್ಯಾಸಕ್ತಳಾದ ಸ್ತ್ರೀಯ ವಿಷಯದಲ್ಲಿ ಒಂದು ನಿಯಮವಿದೆ. ಪತಿಯ ಬಂಧುವಾಗಲಿ ಭೃತ್ಯನಾಗಲಿ ಅವಳನ್ನು ಕಾವಲಿನಲ್ಲಿಟ್ಟುಕೊಂಡು, ಪತಿಯು ಮರಳುವವರೆಗೆ ಕಾಯಬೇಕು. ಪತಿಯು ಬಂದು ಕ್ಷಮಿಸಿದನಾದರೆ ಸ್ತ್ರೀಪುರುಷರಿಬ್ಬರನ್ನೂ ಬಿಟ್ಟುಬಿಡತಕ್ಕದ್ದು. ಕ್ಷಮಿಸದಿದ್ದಲ್ಲಿ ಸ್ತ್ರೀಗೆ ಕರ್ಣನಾಸಾಚ್ಛೇದನ, ಜಾರನಿಗೆ ವಧೆ. ಒಂದೇ ಕೃತ್ಯಕ್ಕೆ ಒಂದೆಡೆ ಪೂರ್ಣವಿಮೋಚನೆ, ಮತ್ತೊಂದೆಡೆ ಮರಣ. ಇವೆರಡರ ನಡುವೆ ಇರುವುದು ಪತಿಯ ಇಚ್ಛೆಯೊಂದೇ. ಕೃತ್ಯವು ಸಮಾಜಕ್ಕೆ ಕಂಟಕವಾದುದರಿಂದ ದಂಡ್ಯವಾಗಿದ್ದರೆ ಒಬ್ಬನ ಕ್ಷಮೆಯಿಂದ ಅದು ಅಳಿಯುತ್ತಿರಲಿಲ್ಲ. ರಾಜನ ದಂಡವು ಇಲ್ಲಿ ಪತಿಯ ಸ್ವತ್ವವನ್ನು ಕಾಯುವ ಭೃತ್ಯನಂತೆ ನಿಂತಿದೆ.

ಮನುಸ್ಮೃತಿಯಲ್ಲಿ ಇದೇ ಭಾವವು ಕ್ಷೇತ್ರಬೀಜಗಳ ಉಪಮಾನದಿಂದ ಸ್ಪಷ್ಟಪಡುವುದು. ಪತ್ನಿಯು ಕ್ಷೇತ್ರ, ಪತಿಯು ಕ್ಷೇತ್ರಿಕ. ಪರರ ಹೊಲದಲ್ಲಿ ಬಿತ್ತಿದವನಿಗೆ ಫಲವಿಲ್ಲವೆಂಬುದು ಒಂಬತ್ತನೆಯ ಅಧ್ಯಾಯದ ಚರ್ಚೆಯ ಸಾರ. ಎಂಟನೆಯ ಅಧ್ಯಾಯದ ಸ್ತ್ರೀಸಂಗ್ರಹಣ ಭಾಗದಲ್ಲಿ ದಂಡಕ್ಕೆ ಮತ್ತೊಂದು ಕಾರಣವನ್ನೂ ಮನುವು ಹೇಳಿರುವನು. ಪರದಾರಗಮನದಿಂದ ವರ್ಣಸಂಕರವು ಹುಟ್ಟುವುದು, ಸಂಕರದಿಂದ ಸರ್ವನಾಶವಾಗುವುದು ಎಂಬುದೇ ಆ ಕಾರಣ. ಆದುದರಿಂದ ಅವನ ದಂಡಗಳು ಎರಡು ಅಳತೆಗೋಲುಗಳಿಂದ ಅಳೆಯಲ್ಪಟ್ಟಿವೆ: ಸ್ತ್ರೀಪುರುಷರ ವರ್ಣವೊಂದು; ಸ್ತ್ರೀಯು ರಕ್ಷಿತೆಯೋ ಅರಕ್ಷಿತೆಯೋ, ಅಂದರೆ ಯಾರಾದರೊಬ್ಬನ ಕಾವಲಿನಲ್ಲಿದ್ದಳೋ ಇಲ್ಲವೋ ಎಂಬುದೊಂದು. ರಕ್ಷಿತೆಯಾದ ಬ್ರಾಹ್ಮಣಿಯನ್ನು ಬಲಾತ್ಕರಿಸಿದ ಬ್ರಾಹ್ಮಣನಿಗೆ ಸಾವಿರ ಪಣ. ಅವಳೇ ಇಚ್ಛಿಸಿದ್ದಲ್ಲಿ ಐದುನೂರು ಪಣ. ಸ್ತ್ರೀಯ ಸಮ್ಮತಿಯು ಸ್ಮೃತಿಕಾರನಿಗೆ ಕಾಣದೆ ಹೋಗಿಲ್ಲವೆಂಬುದು ಇದರಿಂದ ಸಿದ್ಧವಾಗುತ್ತದೆ. ಆದರೆ ಅದು ದಂಡವನ್ನು ಅರ್ಧಕ್ಕಿಳಿಸಿತೇ ಹೊರತು ಅಪರಾಧವನ್ನು ಇಲ್ಲವೆನಿಸಲಿಲ್ಲ. ಇಚ್ಛಿಸಿದವಳು ತಾನು; ಅನ್ಯಾಯವಾದುದು ಬೇರೊಬ್ಬನಿಗೆ. ಚಾರಣರ ಪತ್ನಿಯರ ವಿಷಯದಲ್ಲಿ ಈ ವಿಧಿಯು ಅನ್ವಯಿಸದೆಂದು ಮನುವು ವಿನಾಯಿತಿ ಕೊಟ್ಟಿರುವುದಕ್ಕೂ, ಅಲ್ಲಿ ಪತಿಯೇ ಪತ್ನಿಯನ್ನು ಪರರೊಡನೆ ಬೆರೆಯಿಸುವನೆಂಬುದೇ ಕಾರಣವಾಗಿದೆ.

ಯಾಜ್ಞವಲ್ಕ್ಯನು ಈ ವಿಸ್ತಾರವನ್ನೆಲ್ಲ ಕೆಲವೇ ಶ್ಲೋಕಗಳಲ್ಲಿ ಅಡಗಿಸಿದನು. ಸಜಾತಿಯಲ್ಲಿ ಉತ್ತಮ ಸಾಹಸದಂಡ, ಎಂದರೆ ೧೦೮೦ ಪಣ. ಅನುಲೋಮದಲ್ಲಿ ಮಧ್ಯಮ, ಎಂದರೆ ೫೪೦ ಪಣ. ಪ್ರತಿಲೋಮದಲ್ಲಿ ಪುರುಷನಿಗೆ ವಧೆ, ಸ್ತ್ರೀಗೆ ಕರ್ಣಾದಿಗಳ ಛೇದನ. ಮೇಲಿನ ವರ್ಣದ ಪುರುಷನು ಕೆಳಗಿನ ವರ್ಣದ ಸ್ತ್ರೀಯನ್ನು ಕೂಡಿದರೆ ಹಣ, ಕೆಳಗಿನವನು ಮೇಲಿನವಳನ್ನು ಕೂಡಿದರೆ ಪ್ರಾಣ. ಪ್ರಾಚೀನ ದಂಡನೀತಿಯನ್ನು ಉದಾರವೆಂದು ವರ್ಣಿಸುವವರು ಈ ಶ್ಲೋಕದ ಉತ್ತರಾರ್ಧವನ್ನು ಮರೆಯಲಾಗದು.

ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ಋಜುವ್ಯಾಖ್ಯೆಯು ಹುಟ್ಟಿದುದು ಕಲ್ಯಾಣದಲ್ಲಿ. ಚಾಳುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (ಕ್ರಿ. ಶ. ೧೦೭೬–೧೧೨೬) ಅದನ್ನು ರಚಿಸಿದ ವಿಜ್ಞಾನೇಶ್ವರನು ದಾಯಭಾಗದ ವಿಷಯದಲ್ಲಿ ಭಾರತದ ಬಹುಭಾಗಕ್ಕೆ ಪ್ರಮಾಣನಾದನೆಂಬುದು ಸರ್ವವಿದಿತ. ಸ್ತ್ರೀಸಂಗ್ರಹಣ ಪ್ರಕರಣದ ಅವನ ವ್ಯಾಖ್ಯಾನವನ್ನು ಓದುವವರು ಕಡಮೆ. ಸಂಗ್ರಹಣವನ್ನು ಪ್ರಥಮ, ಮಧ್ಯಮ, ಉತ್ತಮವೆಂದು ಮೂರಾಗಿ ವಿಭಾಗಿಸುವ ವ್ಯಾಸವಚನವನ್ನು ಅವನು ಅಲ್ಲಿ ಉದಾಹರಿಸುವನು. ಅಕಾಲದಲ್ಲಿ ನಿರ್ಜನಸ್ಥಳದಲ್ಲಿ ಪರಸ್ತ್ರೀಯೊಡನೆ ಸಂಭಾಷಿಸುವುದು, ನೋಡಿ ನಗುವುದು ಮೊದಲನೆಯದು. ಗಂಧ ಮಾಲ್ಯ ವಸ್ತ್ರಾಭರಣಗಳನ್ನು ಕಳುಹಿಸುವುದು ಎರಡನೆಯದು. ಏಕಾಂತದಲ್ಲಿ ಒಂದೇ ಆಸನದಲ್ಲಿರುವುದು, ಕೇಶವನ್ನು ಹಿಡಿಯುವುದು ಮೂರನೆಯದು. ಸಂಗವು ನಡೆದುದಕ್ಕೆ ಸಾಕ್ಷಿ ದೊರಕುವುದು ದುರ್ಲಭವಾದುದರಿಂದ, ಅದರ ಸುತ್ತಲಿನ ನಡೆನುಡಿಗಳೇ ದಂಡ್ಯವಾದುವು. ಏಕಾಂತದ ಕೃತ್ಯವನ್ನು ಹಿಡಿಯಹೊರಟ ಶಾಸನವು ಮಾತಿನವರೆಗೆ, ನಗೆಯವರೆಗೆ ಕೈಚಾಚಬೇಕಾದುದು ಹೀಗೆ.

ವಿಜ್ಞಾನೇಶ್ವರನ ವ್ಯಾಖ್ಯಾನದಲ್ಲಿ ಗಮನಿಸತಕ್ಕ ಎರಡು ಸ್ಥಳಗಳುಂಟು. ವ್ಯಭಿಚರಿಸಿದ ಸ್ತ್ರೀಯು ಋತುವಿನಿಂದ ಶುದ್ಧಳಾಗುವಳೆಂದೂ, ಗರ್ಭವುಂಟಾದಲ್ಲಿ ತ್ಯಾಗವು ವಿಹಿತವೆಂದೂ ಯಾಜ್ಞವಲ್ಕ್ಯನು ಆಚಾರಾಧ್ಯಾಯದಲ್ಲಿ ಹೇಳಿದ್ದಾನೆ. ಈ ವಚನವು ಇದ್ದಂತೆಯೇ ಓದಿದರೆ ಸಾಕಷ್ಟು ಮೃದುವಾದುದು. ಆದರೆ ಋತುವಿನಿಂದ ಕಳೆಯುವುದು ಹೊರಗೆ ತೋರದ ಮನೋವ್ಯಭಿಚಾರ ಮಾತ್ರವೆಂದು ವ್ಯಾಖ್ಯಾನಕಾರನು ಅರ್ಥವನ್ನು ಸಂಕೋಚಗೊಳಿಸಿದನು. ಸ್ಮೃತಿಯು ಬಿಟ್ಟಿದ್ದ ಬಾಗಿಲನ್ನು ವ್ಯಾಖ್ಯಾನವು ಮುಚ್ಚಿತು.

ಎರಡನೆಯ ಸ್ಥಳವು ದಾಸಿಯರು, ವೇಶ್ಯೆಯರು ಮತ್ತು ಇಟ್ಟುಕೊಂಡ ಸ್ತ್ರೀಯರನ್ನು ಕುರಿತುದು. ಇವರ ಸಂಗವು ರಾಜದಂಡಕ್ಕೆ ವಿಷಯವಲ್ಲ; ಆದರೆ ಒಬ್ಬನು ತನಗಾಗಿಯೇ ನಿಯಮಿಸಿ ಇಟ್ಟುಕೊಂಡ ಅವರುದ್ಧೆಯನ್ನು ಅಥವಾ ಭುಜಿಷ್ಯೆಯನ್ನು ಮತ್ತೊಬ್ಬನು ಕೂಡಿದರೆ ಐವತ್ತು ಪಣಗಳ ದಂಡವನ್ನು ಯಾಜ್ಞವಲ್ಕ್ಯನು ವಿಧಿಸುವನು. ಇದಕ್ಕೆ ಬೆಂಬಲವಾಗಿ ಅಂಥವರ ವಿಷಯದಲ್ಲಿ ಪರದಾರದಂತೆಯೇ ದೋಷವೆನ್ನುವ ನಾರದನ ವಚನವನ್ನು ವಿಜ್ಞಾನೇಶ್ವರನು ತರುವನು. ಅಪ್ಸರೆಯರಾದ ಪಂಚಚೂಡೆಯರಿಂದ ಹುಟ್ಟಿದ ವೇಶ್ಯೆಯರು ಒಂದು ಪ್ರತ್ಯೇಕ ಜಾತಿಯೆಂಬ ಸ್ಕಾಂದಪುರಾಣದ ಮಾತನ್ನೂ ಅಲ್ಲಿ ಎತ್ತಿಕೊಳ್ಳುವನು. ಇಲ್ಲಿ ವಿವಾಹವಿಲ್ಲ, ಸಂತಾನಶುದ್ಧಿಯ ಪ್ರಶ್ನೆಯಿಲ್ಲ, ಸಂಕರದ ಭಯವಿಲ್ಲ, ಆದರೂ ದಂಡವಿದೆ. ಉಳಿದ ಕಾರಣಗಳೆಲ್ಲವೂ ಕಳಚಿಬಿದ್ದಾಗ ಉಳಿಯುವುದು ಸ್ವಾಮ್ಯವೊಂದೇ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪ್ರಮಾಣವು ಬೇಕಾಗಿಲ್ಲ.

ಇದೇ ಪ್ರಕರಣಗಳಲ್ಲಿ ಮತ್ತೊಂದು ಸೂಕ್ಷ್ಮ ವಿಷಯವೂ ಇದೆ. ಜಾರನನ್ನು ಚೋರನೆಂದು ಹೇಳಿ ಒಪ್ಪಿಸಿದವನಿಗೆ ಐದುನೂರು ಪಣ, ಹಣ ತಿಂದು ಬಿಟ್ಟುಬಿಟ್ಟವನಿಗೆ ಆ ಹಣದ ಎಂಟುಪಾಲು ದಂಡವೆಂದು ಕೌಟಿಲ್ಯನೂ ಯಾಜ್ಞವಲ್ಕ್ಯನೂ ಒಂದೇ ಬಗೆಯಾಗಿ ಹೇಳುವರು. ಮನೆಯ ಮಾನವು ಹೋಗುವುದೆಂದು ಅಂಜಿ ಜನರು ಜಾರನನ್ನು ಕಳ್ಳನೆಂದು ಕೂಗುತ್ತಿದ್ದರೆಂಬುದೂ, ಕಾವಲಿನವರು ಏಕಾಂತದ ಗುಟ್ಟನ್ನು ಹಣಕ್ಕೆ ಮಾರಿಕೊಳ್ಳುತ್ತಿದ್ದರೆಂಬುದೂ ಇದರಿಂದ ಊಹ್ಯ. ರಾಷ್ಟ್ರಕೂಟರ ತಾಮ್ರಶಾಸನಗಳಲ್ಲಿ ದತ್ತಿಯ ಗ್ರಾಮವನ್ನು ದಶಾಪರಾಧಸಹಿತವಾಗಿ ಕೊಟ್ಟಂತೆ ಹೇಳಿದೆ. ಆ ಹತ್ತರಲ್ಲಿ ಪರದಾರಗಮನವನ್ನೂ ಎಣಿಸುವ ವಿದ್ವಾಂಸರ ಅರ್ಥವನ್ನು ಅಂಗೀಕರಿಸಿದರೆ, ಇಂತಹ ದಂಡಗಳ ಆದಾಯವು ಹೊಲಗದ್ದೆಗಳ ಕಂದಾಯದಂತೆಯೇ ದಾನಕ್ಕೆ ಅರ್ಹವಾದ ವಸ್ತುವಾಗಿದ್ದಿತೆಂದು ಹೇಳಬೇಕಾಗುವುದು.

ಶಾಸ್ತ್ರದ ಈ ತಾತ್ಪರ್ಯವು ಕಾವ್ಯಕ್ಕೂ ಅಪರಿಚಿತವಾಗಿರಲಿಲ್ಲ. ಕ್ರಿ. ಶ. ೧೨೦೯ರಲ್ಲಿ ಜನ್ನನು ರಚಿಸಿದ ಯಶೋಧರಚರಿತೆಯಲ್ಲಿ, ಅಮೃತಮತಿಯು ಮಾವಟಿಗನೊಡನೆ ಇರುವುದನ್ನು ಕಣ್ಣಾರೆ ಕಂಡ ಯಶೋಧರನು ಖಡ್ಗವನ್ನೆತ್ತಿ, ಮರಳಿ ಮನಸ್ಸನ್ನು ಬಿಗಿಹಿಡಿದು ಹಿಂತೆಗೆಯುವನು. ಕವಿಯ ದೃಷ್ಟಿಯು ಹಿಂಸಾನಿವೃತ್ತಿಯ ಕಡೆಗಿರುವುದು ನಿಜ. ಆದರೆ ಆ ಸನ್ನಿವೇಶದಲ್ಲಿ ವಿಚಾರಣೆಯಿಲ್ಲ, ಸಭೆಯಿಲ್ಲ. ಪತಿಯೂ ದಂಡಧರನೂ ಒಬ್ಬನೇ ಆಗಿದ್ದಾನೆ. ಖಡ್ಗವು ಎತ್ತಲ್ಪಟ್ಟುದೂ ತಡೆಯಲ್ಪಟ್ಟುದೂ ಅವನೊಬ್ಬನ ಮನಸ್ಸಿನಿಂದ. ಕೌಟಿಲ್ಯನ ನಿಯಮದಲ್ಲಿ ಸೂತ್ರರೂಪವಾಗಿದ್ದ ಪತಿಯ ಕ್ಷಮೆಯು ಇಲ್ಲಿ ಕಥೆಯ ತಿರುವಾಗಿ ನಿಂತಿದೆ.

ಪುರುಷರ ಪರಸ್ಪರ ಸಂಗದ ವಿಷಯದಲ್ಲಿ ಮಾತ್ರ ಪ್ರಾಚೀನರ ಧೋರಣೆಯು ಬೇರೆ. ಕೌಟಿಲ್ಯನು ಇದಕ್ಕೆ ಪೂರ್ವ ಸಾಹಸದಂಡವನ್ನು, ಎಂದರೆ ೪೮ರಿಂದ ೯೬ ಪಣಗಳವರೆಗಿನ ದಂಡವನ್ನು, ಹೇಳಿರುವನು. ಯಾಜ್ಞವಲ್ಕ್ಯನಲ್ಲಿ ಅದು ೨೪ ಪಣ. ಮನುವು ಇದನ್ನು ಜಾತಿಭ್ರಂಶಕರ ಪಾಪಗಳಲ್ಲಿ ಸೇರಿಸಿದರೂ ಹನ್ನೊಂದನೆಯ ಅಧ್ಯಾಯದಲ್ಲಿ ದ್ವಿಜನಿಗೆ ವಿಧಿಸಿರುವುದು ಸಚೇಲಸ್ನಾನವನ್ನು. ಕನ್ಯೆಯು ಕನ್ಯೆಯನ್ನು ದೂಷಿಸಿದರೆ ಅವನು ವಿಧಿಸುವ ದಂಡವು ಇದಕ್ಕಿಂತ ಬಹಳ ಕಠಿನವಾದುದು: ಇನ್ನೂರು ಪಣ, ಇಮ್ಮಡಿ ಶುಲ್ಕ, ಹತ್ತು ಏಟು. ಈ ತಾರತಮ್ಯದ ಕಾರಣವು ಗೂಢವಾದುದಲ್ಲ. ಕನ್ಯಾತ್ವವು ವಿವಾಹಶುಲ್ಕಕ್ಕೆ ಸಂಬಂಧಿಸಿದುದು. ಅದರ ನಷ್ಟವು ತಂದೆಗೆ ತಗಲುವುದು. ಇಬ್ಬರು ಪುರುಷರ ಸಂಗದಲ್ಲಿ ಯಾವ ಪತಿಗೂ ಯಾವ ತಂದೆಗೂ ನಷ್ಟವಿಲ್ಲ. ಆದಕಾರಣ ಅದು ಪಾಪವೆನಿಸಿತು, ದೊಡ್ಡ ಅಪರಾಧವೆನಿಸಲಿಲ್ಲ. ಇಲ್ಲಿ ಕಾಣುವ ಮಾರ್ದವವು ಸ್ವಾತಂತ್ರ್ಯಕ್ಕೆ ತೋರಿದ ಗೌರವವಲ್ಲ, ಸ್ವಾಮ್ಯಭಂಗವಿಲ್ಲದುದರ ಫಲ.

ಇನ್ನು ೧೮೬೦ನೆಯ ಸಂಹಿತೆಯನ್ನು ಬರೆದ ಆಂಗ್ಲರ ಸ್ವದೇಶದ ಸ್ಥಿತಿಯನ್ನು ನೋಡಬೇಕು. ಆಂಗ್ಲರಲ್ಲಿ ಪರದಾರಗಮನವು ಬಹುಕಾಲ ಚರ್ಚಿನ ನ್ಯಾಯಾಲಯಗಳಿಗೆ ಸೇರಿದ ಪಾಪವಾಗಿತ್ತು. ರಾಜನಿಲ್ಲದ ಕಾಲದಲ್ಲಿ, ೧೬೫೦ರಲ್ಲಿ, ಅದಕ್ಕೆ ಮರಣದಂಡನೆಯನ್ನು ವಿಧಿಸುವ ಶಾಸನವೊಂದು ಹುಟ್ಟಿತಾದರೂ ೧೬೬೦ರಲ್ಲಿ ರಾಜತ್ವವು ಮರಳಿದೊಡನೆ ಅದು ಬಿದ್ದುಹೋಯಿತು. ಅಲ್ಲಿ ಪತಿಗಿದ್ದ ಮಾರ್ಗವೆಂದರೆ ಪತ್ನಿಯನ್ನು ಕೂಡಿದವನ ಮೇಲೆ ನಷ್ಟಪರಿಹಾರಕ್ಕಾಗಿ ಹೂಡುವ ದಾವೆ. ೧೮೫೭ರ ವಿವಾಹವಿಷಯಕ ಶಾಸನವು ಆ ಪ್ರತ್ಯೇಕ ದಾವೆಯನ್ನು ನಿಲ್ಲಿಸಿ, ಪರಿಹಾರದ ಬೇಡಿಕೆಯನ್ನು ವಿಚ್ಛೇದನ ನ್ಯಾಯಾಲಯಕ್ಕೆ ಒಪ್ಪಿಸಿತು. ತಮ್ಮ ದೇಶದಲ್ಲಿ ಅಪರಾಧವಲ್ಲದುದನ್ನು ಮೂರೇ ವರ್ಷಗಳ ತರುವಾಯ ಅವರು ಭಾರತದಲ್ಲಿ ಅಪರಾಧವನ್ನಾಗಿ ಮಾಡಿದರು.

ಮೆಕಾಲೆಯ ಅಧ್ಯಕ್ಷತೆಯ ಮೊದಲನೆಯ ಕಾನೂನು ಆಯೋಗವು ೧೮೩೭ರಲ್ಲಿ ಒಪ್ಪಿಸಿದ ಕರಡಿನಲ್ಲಿ ಈ ಅಪರಾಧವು ಇರಲಿಲ್ಲ. ಅದಕ್ಕೆ ಅವರು ಕೊಟ್ಟ ಕಾರಣಗಳು ಮನನೀಯವಾಗಿವೆ. ಮಾನವಂತರಾದ ಪತಿಗಳು ನ್ಯಾಯಾಲಯಕ್ಕೆ ಬರುವುದಿಲ್ಲ, ಬರುವವರು ಹಣದ ಪರಿಹಾರವನ್ನು ಬಯಸಿ ಬರುವರು ಎಂಬುದೊಂದು. ಈ ದೇಶದ ಸ್ತ್ರೀಯರು ಬಾಲ್ಯದಲ್ಲಿಯೇ ವಿವಾಹಿತರಾಗಿ, ಯೌವನದಲ್ಲಿಯೇ ಸವತಿಯರ ಸಲುವಾಗಿ ಉಪೇಕ್ಷಿತರಾಗುವರು. ಪತಿಯು ಅಂತಃಪುರವನ್ನು ತುಂಬಿಕೊಳ್ಳುವುದನ್ನು ಶಾಸನವು ಒಪ್ಪಿರಲು, ಪತ್ನಿಯ ಚಾಂಚಲ್ಯವನ್ನು ದಂಡಿಸುವುದು ನ್ಯಾಯವಲ್ಲವೆಂಬುದು ಮತ್ತೊಂದು. ಎರಡನೆಯ ಆಯೋಗವು ಈ ಎರಡನೆಯ ಕಾರಣವನ್ನು ಒಪ್ಪಿಯೂ ಬೇರೊಂದು ನಿರ್ಣಯಕ್ಕೆ ಬಂದಿತು: ಸ್ತ್ರೀಯನ್ನು ಬಿಟ್ಟು ಪುರುಷನನ್ನು ಮಾತ್ರ ದಂಡಿಸುವುದೆಂದು. ಹೀಗೆ ಹುಟ್ಟಿದ ೪೯೭ನೆಯ ಕಲಮು ೧೮೬೨ನೆಯ ಜನವರಿ ೧ರಿಂದ ಜಾರಿಗೆ ಬಂದಿತು. ಐದು ವರ್ಷಗಳವರೆಗೆ ಸೆರೆ ಅಥವಾ ಜುಲ್ಮಾನೆ ಅಥವಾ ಎರಡೂ ಅದರ ದಂಡ. ಪತಿಯ ಒಪ್ಪಿಗೆ ಅಥವಾ ಕಂಡೂ ಕಾಣದಂತಿರುವಿಕೆ ಇದ್ದಲ್ಲಿ ಅಪರಾಧವೇ ಇಲ್ಲ. ದೂರು ಕೊಡುವ ಅಧಿಕಾರವು ಮುಖ್ಯವಾಗಿ ಪತಿಗೆ. ಸ್ತ್ರೀಯು ವಿಧವೆಯಾಗಿದ್ದರೆ, ಅವಿವಾಹಿತೆಯಾಗಿದ್ದರೆ, ಅಪರಾಧವಿಲ್ಲ. ಜಾರನ ಪತ್ನಿಗೆ ದೂರುವ ಹಕ್ಕಿಲ್ಲ. ಇದರ ಮಗ್ಗುಲ ೪೯೮ನೆಯ ಕಲಮು ವಿವಾಹಿತೆಯನ್ನು ಪತಿಯಿಂದಾಗಲಿ, ಪತಿಯ ಪರವಾಗಿ ಅವಳನ್ನು ಕಾಯುವವನಿಂದಾಗಲಿ ಅಪಹರಿಸುವುದನ್ನು ಹೇಳಿತು. ಮನುವಿನ ರಕ್ಷಿತೆಯೂ ಕೌಟಿಲ್ಯನ ಪತಿಕ್ಷಮೆಯೂ ಆಂಗ್ಲ ಭಾಷೆಯ ಉಡುಪಿನಲ್ಲಿ ಮರಳಿ ಬಂದಂತಾಯಿತು. ವರ್ಣಭೇದವು ಹೋಯಿತು, ಅಂಗಚ್ಛೇದವು ಹೋಯಿತು, ಸ್ವಾಮ್ಯವು ಉಳಿಯಿತು.

೩೭೭ನೆಯ ಕಲಮಿನ ಕಥೆಯಾದರೋ ಇದಕ್ಕೆ ವಿಪರೀತ. ಅದರ ಮೂಲವು ಎಂಟನೆಯ ಹೆನ್ರಿಯ ಕಾಲದ ೧೫೩೩ರ ಶಾಸನದಲ್ಲಿದೆ; ಆ ಅಪರಾಧಕ್ಕೆ ಇಂಗ್ಲೆಂಡಿನಲ್ಲಿ ೧೮೬೧ರವರೆಗೆ ಮರಣದಂಡನೆಯಿದ್ದಿತು. ಪರದಾರಗಮನವನ್ನು ಕುರಿತು ದೀರ್ಘ ಟಿಪ್ಪಣಿಯನ್ನು ಬರೆದ ಮೆಕಾಲೆಯೇ ಈ ವಿಷಯವನ್ನು ಕುರಿತು ಎಷ್ಟು ಕಡಮೆ ಮಾತಾಡಿದರೆ ಅಷ್ಟು ಒಳ್ಳೆಯದೆಂದು ಚರ್ಚೆಯನ್ನೇ ಬಿಟ್ಟನು. ಆದರೂ ಅವನ ಕರಡು ಸಮ್ಮತಿಯಿಂದಾದ ಕೃತ್ಯವನ್ನೂ ಸಮ್ಮತಿಯಿಲ್ಲದ ಕೃತ್ಯವನ್ನೂ ಬೇರೆಬೇರೆ ಕಲಮುಗಳಲ್ಲಿ ಇಟ್ಟು, ಮೊದಲನೆಯದಕ್ಕೆ ಕಡಮೆ ದಂಡವನ್ನು ವಿಧಿಸಿದ್ದಿತು. ೧೮೬೦ರಲ್ಲಿ ಈ ಭೇದವನ್ನು ಅಳಿಸಿ ಎರಡಕ್ಕೂ ಒಂದೇ ಕಲಮನ್ನು ರಚಿಸಿದರು. ದಂಡವು ಜೀವಾವಧಿಯವರೆಗೆ ಏರಿತು. ಯಾಜ್ಞವಲ್ಕ್ಯನ ೨೪ ಪಣಗಳ ಪಕ್ಕದಲ್ಲಿ ಇದನ್ನಿಟ್ಟು ನೋಡಿದರೆ ಪರಕೀಯವೆಂಬ ಮಾತು ಈ ಕಲಮಿಗೆ ಸಲ್ಲುವುದು. ೪೯೭ಕ್ಕೆ ಆ ಮಾತು ಅಷ್ಟಾಗಿ ಸಲ್ಲದು.

ಸ್ವತಂತ್ರ ಭಾರತದ ನ್ಯಾಯಾಲಯಗಳ ಮುಂದೆ ೪೯೭ನೆಯ ಕಲಮು ಮೂರು ಬಾರಿ ಪ್ರಮುಖವಾಗಿ ಬಂದಿತು. ಸ್ತ್ರೀಯನ್ನು ಬಿಟ್ಟು ಪುರುಷನನ್ನೇ ದಂಡಿಸುವುದು ಸಮತೆಗೆ ವಿರೋಧವೆಂದು ೧೯೫೪ರಲ್ಲಿ ವಾದಿಸಲಾಗಿ, ಸ್ತ್ರೀಯರಿಗೆ ವಿಶೇಷ ಅನುಕೂಲವನ್ನು ಕಲ್ಪಿಸಲು ಸಂವಿಧಾನವೇ ಎಡೆಗೊಟ್ಟಿದೆಯೆಂದು ಸರ್ವೋಚ್ಚ ನ್ಯಾಯಾಲಯವು ಉತ್ತರವಿತ್ತಿತು. ೧೯೮೫ರಲ್ಲಿ ಒಬ್ಬ ಸ್ತ್ರೀಯೇ ಕಲಮನ್ನು ಪ್ರಶ್ನಿಸಿದಾಗ, ಪ್ರಲೋಭಿಸುವವನು ಪುರುಷನೇ ಎಂಬ ರೂಢಿಯ ನಂಬಿಕೆಯನ್ನು ಆಶ್ರಯಿಸಿ ಮುಖ್ಯ ನ್ಯಾಯಮೂರ್ತಿ ವೈ. ವಿ. ಚಂದ್ರಚೂಡರ ಪೀಠವು ಅದನ್ನು ಎತ್ತಿಹಿಡಿಯಿತು. ಈ ನಡುವೆ ಸುಧಾರಕರ ದೃಷ್ಟಿಯು ಬಹುಮಟ್ಟಿಗೆ ದಂಡವನ್ನು ಸ್ತ್ರೀಗೂ ವಿಸ್ತರಿಸುವುದರ ಕಡೆಗೇ ಇದ್ದಿತು. ೧೯೭೧ರ ಕಾನೂನು ಆಯೋಗದ ವರದಿಯು ಹಾಗೆ ಸಲಹೆಯಿತ್ತಾಗ, ಸದಸ್ಯರಾದ ಅನ್ನಾ ಚಾಂಡಿಯವರು ಭಿನ್ನಮತವನ್ನು ದಾಖಲಿಸಿ, ಕಲಮನ್ನೇ ತೆಗೆದುಹಾಕಬೇಕೆಂದರು. ಕರ್ನಾಟಕ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ವಿ. ಎಸ್. ಮಳೀಮಠರ ಅಧ್ಯಕ್ಷತೆಯ ಸಮಿತಿಯು ೨೦೦೩ರ ವರದಿಯಲ್ಲಿ ಸ್ತ್ರೀಪುರುಷರಿಬ್ಬರಿಗೂ ಸಮಾನವಾಗಿ ಅನ್ವಯಿಸುವಂತೆ ಕಲಮನ್ನು ತಿದ್ದಬೇಕೆಂದಿತು. ಅಸಮತೆಯನ್ನು ದಂಡದ ಸಮತೆಯಿಂದ ಪರಿಹರಿಸುವ ಮಾರ್ಗವಿದು. ವಿವಾಹದ ಪಾವಿತ್ರ್ಯವನ್ನು ರಾಜದಂಡವು ಕಾಯಬೇಕೆಂಬ ಮೂಲಭಾವನೆಯನ್ನು ಅದು ಮುಟ್ಟಲಿಲ್ಲ.

೨೦೧೮ರ ಸೆಪ್ಟೆಂಬರ್ ೨೭ರ ತೀರ್ಪು ಮುಟ್ಟಿದುದು ಆ ಮೂಲವನ್ನು. ಐವರು ನ್ಯಾಯಮೂರ್ತಿಗಳು ಏಕಮತದಿಂದ, ನಾಲ್ಕು ಪ್ರತ್ಯೇಕ ಅಭಿಪ್ರಾಯಗಳಲ್ಲಿ, ಪತ್ನಿಯನ್ನು ಪತಿಯ ಸ್ವತ್ತಿನಂತೆ ಎಣಿಸುವ ಶಾಸನವು ಸಂವಿಧಾನಕ್ಕೆ ವಿರುದ್ಧವೆಂದು ಹೇಳಿದರು. ಪತಿಯ ಒಪ್ಪಿಗೆಯಿಂದ ಅಪರಾಧವು ಅಳಿಯುವುದೆಂಬ ಅಂಶವೇ ಅವರಿಗೆ ಮುಖ್ಯಪ್ರಮಾಣವಾಯಿತು. ಆ ಐವರಲ್ಲಿ ಒಬ್ಬರಾದ ಡಿ. ವೈ. ಚಂದ್ರಚೂಡರು ೧೯೮೫ರ ತೀರ್ಪನ್ನಿತ್ತವರ ಮಕ್ಕಳು. ವಿವಾಹವಿಚ್ಛೇದನಕ್ಕೆ ವ್ಯಭಿಚಾರವು ಕಾರಣವಾಗಬಹುದೆಂಬ ನಿಯಮಕ್ಕೆ ಈ ತೀರ್ಪಿನಿಂದ ಬಾಧೆ ಬಂದಿಲ್ಲ. ದಂಪತಿಗಳ ನಡುವಣ ನಂಬಿಕೆಯ ಭಂಗವು ಅವರಿಬ್ಬರ ವ್ಯವಹಾರವಾಗಿ ಉಳಿಯಿತು. ಸೆರೆಮನೆಯ ವಿಷಯವಾಗಿ ಉಳಿಯಲಿಲ್ಲ.

೨೦೨೪ನೆಯ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ೪೯೭ಕ್ಕೂ ೩೭೭ಕ್ಕೂ ಸ್ಥಾನವಿಲ್ಲ. ಸಂಸತ್ತಿನ ಸ್ಥಾಯೀ ಸಮಿತಿಯು ವ್ಯಭಿಚಾರಾಪರಾಧವನ್ನು ಸ್ತ್ರೀಪುರುಷ ಸಮಾನವಾಗಿ ಮರಳಿ ಸೇರಿಸಬೇಕೆಂದು ೨೦೨೩ರಲ್ಲಿ ನೀಡಿದ ಸಲಹೆಯು ಅಂಗೀಕೃತವಾಗಲಿಲ್ಲ. ಆದರೆ ೪೯೮ರ ಸಂತತಿಯಾದ ಅಪರಾಧವು ೮೪ನೆಯ ಕಲಮಾಗಿ ಉಳಿದಿದೆ. ೩೭೭ನ್ನು ಸಮೂಲವಾಗಿ ತೆಗೆದುದರಿಂದ, ಸಮ್ಮತಿಯಿಲ್ಲದೆ ಬಲಾತ್ಕಾರಕ್ಕೆ ಗುರಿಯಾದ ಪುರುಷನಿಗೆ ಇದ್ದ ವಿಶೇಷ ರಕ್ಷಣೆಯೂ ಅದರೊಡನೆಯೇ ಹೋಯಿತು. ೧೮೬೦ರಲ್ಲಿ ಸಮ್ಮತಿ ಅಸಮ್ಮತಿಗಳನ್ನು ಒಂದಾಗಿ ಬೆರೆಸಿ ಎರಡನ್ನೂ ದಂಡಿಸಿದರು. ಹೊಸ ಸಂಹಿತೆಯು ಎರಡನ್ನೂ ಒಟ್ಟಿಗೆ ಬಿಟ್ಟಿತು. ಸಮ್ಮತಿಯ ಭೇದವನ್ನು ಕಾಣದ ದೋಷವು ಎರಡು ಕಡೆಯಲ್ಲಿಯೂ ಒಂದೇ.

ಇಷ್ಟರಿಂದ ತಿಳಿಯುವುದೇನೆಂದರೆ, ಪರದಾರಾಪರಾಧದ ಚರಿತ್ರೆಯು ದಂಡವು ಏರಿದ ಇಳಿದ ಚರಿತ್ರೆಯಲ್ಲ. ಮರಣ, ಅಂಗಚ್ಛೇದ, ಪಣ, ಸೆರೆ ಎಂದು ದಂಡವು ರೂಪಾಂತರಗೊಂಡರೂ, ಎರಡು ಸಾವಿರ ವರ್ಷಗಳಷ್ಟು ಕಾಲ ಅನ್ಯಾಯಕ್ಕೊಳಗಾದವನೆಂಬ ಸ್ಥಾನದಲ್ಲಿ ಪತಿಯೊಬ್ಬನೇ ಕುಳಿತಿದ್ದನು. ಸ್ತ್ರೀಯು ದಂಡಿತಳಾದಾಗಲೂ, ೧೮೬೦ರ ತರುವಾಯ ದಂಡದಿಂದ ಬಿಡಲ್ಪಟ್ಟಾಗಲೂ ಅವಳ ಇಚ್ಛೆಯನ್ನು ಯಾರೂ ಅವಳದೆಂದು ಎಣಿಸಲಿಲ್ಲ. ಹೊಲಕ್ಕೆ ಶಿಕ್ಷೆಯಿಲ್ಲ, ಹೊಕ್ಕವನಿಗೆ ಶಿಕ್ಷೆ ಎಂಬ ನ್ಯಾಯವನ್ನು ಕರುಣೆಯೆಂದು ಕರೆಯಲಾಯಿತು. ಕಲ್ಯಾಣದ ವ್ಯಾಖ್ಯಾನಕಾರನು ಅವರುದ್ಧೆಯ ಪ್ರಕರಣದಲ್ಲಿ ತನಗರಿಯದೆಯೇ ಬಯಲುಮಾಡಿದ ತತ್ತ್ವವನ್ನು ನ್ಯಾಯಾಲಯವು ೨೦೧೮ರಲ್ಲಿ ಹೆಸರಿಟ್ಟು ಹೇಳಿ ತಿರಸ್ಕರಿಸಿತು.